ನಿಮಗಿದು ಗೊತ್ತೆ? ಹೊಲಕ್ಕೂ ಉಂಟು ಅಚ್ಚುಕಟ್ಟು

ಒಪ್ಪವಾಗಿಟ್ಟ ಮನೆ, ಗದ್ದಲವಿಲ್ಲದೆ ಮುಗಿದ ಮದುವೆ ಕಂಡರೆ ‘ಅಚ್ಚುಕಟ್ಟಾಗಿದೆ’ ಎನ್ನುತ್ತೇವೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಈ ಮಾತು ಕಿವಿಗೆ ಬಿದ್ದರೆ ಮೊದಲು ನೆನಪಾಗುವುದು ನೀರು. ಕೆರೆ, ಕಾಲುವೆಯ ನೀರು ಹಾಯುವ ಜಮೀನೆಲ್ಲ ಅದರ ಅಚ್ಚುಕಟ್ಟು.

ಈ ಕಡೆಗೆ ನೀರು ಕೊಡುವ ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಅಣೆಕಟ್ಟೆಗೆ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು 1964ರ ಮೇ 22ರಂದು. ಅದರ ಕೆಳಗಿನ ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆಯಿಂದ ಕವಲೊಡೆಯುವ ಇಂಡಿ ಶಾಖಾ ಕಾಲುವೆಯೊಂದಕ್ಕೇ ಯೋಜಿಸಿದ ಅಚ್ಚುಕಟ್ಟು 1,31,260 ಹೆಕ್ಟೇರ್!

ಅಚ್ಚುಕಟ್ಟಿನೊಳಗೆ ಹೊಲವಿದ್ದ ಮಾತ್ರಕ್ಕೆ ನೀರು ಬಂದೀತೆಂದಲ್ಲ. ಶಾಖಾ ಕಾಲುವೆಯಿಂದ ವಿತರಣಾ ಕಾಲುವೆ, ಅಲ್ಲಿಂದ ಲ್ಯಾಟರಲ್ ಎಂಬ ಉಪಕಾಲುವೆ, ಕಡೆಗೆ ಹೊಲಗಾಲುವೆ, ಹೀಗೆ ನೀರು ಹರಿದು ಬರಬೇಕು. ನಡುವೆ ಎಲ್ಲಿ ಹೂಳು ತುಂಬಿದರೂ ಕಾಲುವೆಯ ಕೊನೆಯ (ಟೇಲ್‌ಎಂಡ್) ರೈತನ ಬೆಳೆ ಬಾಡುತ್ತದೆ. ಎಲ್ಲರಿಗೂ ನೀರು ಸಿಗಲೆಂದೇ ‘ಚಾಲು-ಬಂದ್’ ಸರದಿ: ಕೆಲವು ದಿನ ನೀರು ಬಿಡುವುದು, ಕೆಲವು ದಿನ ನಿಲ್ಲಿಸುವುದು. ಸರದಿ ಮುರಿದು ಮೇಲಿನವರು ಸಿಕ್ಕಾಪಟ್ಟೆ ನೀರು ಹಾಯಿಸಿದರೆ ಕಡೆಯವರ ಪಾಲು ಹೋಗುವುದಷ್ಟೇ ಅಲ್ಲ, ನೀರು ಬಸಿಯದ ಎರೆಭೂಮಿ ಉಪ್ಪುಗಟ್ಟಿ, ಜೌಗಾಗಿ (ಸವಳು-ಜವಳು) ಮೇಲಿನವರದೇ ಹೊಲ ಕೆಡುತ್ತದೆ. 

ಹೊಲಗಾಲುವೆ, ಬಸಿಗಾಲುವೆ ಕೆಲಸ ನೋಡುವ ‘ಕಾಡಾ’ದ ಕನ್ನಡ ಹೆಸರಿನಲ್ಲೂ ಈ ಪದವಿದೆ: ಅಚ್ಚುಕಟ್ಟು ಪ್ರದೇಶ ಅಭಿವೃದ್ಧಿ ಪ್ರಾಧಿಕಾರ. ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಡಾ ಕಚೇರಿ ಇರುವುದು ಭೀಮರಾಯನಗುಡಿಯಲ್ಲಿ.