ಬಂಗಾರದ ಬಳ್ಳಿಗೆ ಬೂಷ್ಟಿನ ಮದ್ದು

ಹುಬ್ಬಳ್ಳಿಯ ದೇಶಪಾಂಡೆ ನಗರದಂತಹ ಬಡಾವಣೆಗಳ ಬೇಲಿಗಿಡಗಳ ಮೇಲೆ, ಯಾರೋ ಹಳದಿ ನೂಲಿನ ಸಿಕ್ಕನ್ನು ಎಸೆದು ಹೋದಂತೆ ಕಾಣುವ ಬಳ್ಳಿಯೊಂದನ್ನು ಓದುಗರಲ್ಲಿ ಕೆಲವರಾದರೂ ಕಂಡಿರಬಹುದು. ಅದಕ್ಕೆ ಎಲೆಯಿಲ್ಲ, ಬುಡವನ್ನು ಹುಡುಕುತ್ತ ಹೋದರೆ ನೆಲದಲ್ಲಿ ಬೇರೂ ಸಿಕ್ಕದು. ಸಸ್ಯಶಾಸ್ತ್ರಜ್ಞರು ಇದನ್ನು ಕಸ್ಕ್ಯೂಟ ಎನ್ನುತ್ತಾರೆ. ಬಣ್ಣವನ್ನು ನೋಡಿ ಬಂಗಾರದ ಬಳ್ಳಿ ಎನ್ನುವುದೂ ಉಂಟು. ಬೇಲಿಯ ಮೇಲೆ ಇದೊಂದು ಕೌತುಕವಷ್ಟೆ. ಆದರೆ ಇದೇ ಕುಲದ ಬಳ್ಳಿ ಲೂಸರ್ನ್ ಎಂಬ ಮೇವಿನ ಬೆಳೆಗೋ ಸೋಯಾ ಅವರೆಗೋ ಹಬ್ಬಿತೆಂದರೆ ರೈತನ ಪಾಲಿಗೆ ಉಳಿಯುವುದು ಅಲ್ಪ. ಸೋಯಾ, ಹೆಸರು, ಶೇಂಗಾ, ಕಡಲೆಗಳನ್ನು ನೆಚ್ಚಿಕೊಂಡಿರುವ ಧಾರವಾಡ ಜಿಲ್ಲೆಯ ನಮಗೆ ಈ ವಿಷಯ ದೂರದ್ದಲ್ಲ.

ಈ ಬಳ್ಳಿಯ ಬೀಜದಲ್ಲಿರುವ ಆಹಾರ ಮೊಳಕೆಗೆ ಕೆಲವೇ ದಿನ ಸಾಲುವಂಥದು. ಅಷ್ಟರೊಳಗೆ ಅದು ಆಶ್ರಯ ಸಸ್ಯವೊಂದನ್ನು ಮುಟ್ಟಲೇಬೇಕು. ತುದಿಯನ್ನು ಸುತ್ತ ತಿರುಗಿಸುತ್ತ ಅದು ಹುಡುಕುತ್ತದೆ. ಟೊಮೇಟೊ ಗಿಡ ಹೊರಸೂಸುವ ವಾಸನೆಯ ಕಡೆಗೇ ಮೊಳಕೆ ಬಾಗುವುದೆಂದು 2006ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಸಿಕ್ಕಿದ ಕಾಂಡವನ್ನು ಸುತ್ತಿ, ಹೀರುಬೇರುಗಳನ್ನು ಒಳಕ್ಕೆ ಇಳಿಸಿದ ಮೇಲೆ ನೆಲದ ನಂಟು ಕಡಿದುಹೋಗುತ್ತದೆ. ಇಲ್ಲಿ ಭೌತಶಾಸ್ತ್ರದ ಮಾತೊಂದನ್ನು ಸೇರಿಸಬಹುದು. ಗಿಡದ ಆಹಾರನಾಳಗಳಲ್ಲಿ ಹರಿಯುವ ಸಕ್ಕರೆಯ ರಸವು ಕಾರಿನ ಚಕ್ರದೊಳಗಿನ ಗಾಳಿಗಿಂತಲೂ ಹೆಚ್ಚಿನ ಒತ್ತಡದಲ್ಲಿರುತ್ತದೆ. ಆ ನಾಳಕ್ಕೆ ದಾರಿ ಮಾಡಿಕೊಂಡು, ಬಂದ ಸಕ್ಕರೆಯನ್ನು ಕೂಡಲೇ ಬಳಸಿಕೊಳ್ಳುತ್ತಿದ್ದರೆ ಆಯಿತು, ರಸವು ಒತ್ತಡ ಕಡಿಮೆಯಿರುವ ಬಳ್ಳಿಯ ಕಡೆಗೆ ತಾನಾಗಿಯೇ ಹರಿದುಬರುತ್ತದೆ.

ಕಿತ್ತು ಹಾಕೋಣವೆಂದರೆ ಉಳಿದ ಗೇಣುದ್ದದ ತುಂಡೂ ಮತ್ತೆ ಬೆಳೆಯುತ್ತದೆ. ಕಳೆನಾಶಕವನ್ನು ಸಿಂಪಡಿಸೋಣವೆಂದರೆ ಕಳೆ ಬೆಳೆಗಳೆರಡೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಒಂದನ್ನು ಕೊಲ್ಲುವ ವಿಷ ಇನ್ನೊಂದನ್ನೂ ಬಿಡದು. ಇವೆರಡರ ಭೇದವನ್ನು ಅರಿತು, ಒಂದನ್ನು ಮಾತ್ರ ಹಿಡಿಯುವ ಅಸ್ತ್ರ ಬೇಕು.

ಅಂತಹ ಅಸ್ತ್ರವೊಂದು 1963ರಲ್ಲಿ ಚೀನದ ಷಾಂಡೊಂಗ್ ಪ್ರಾಂತದಲ್ಲಿ ದೊರೆಯಿತು. ಸೋಯಾ ಹೊಲಗಳಲ್ಲಿ ರೋಗ ತಗಲಿದ ಕಸ್ಕ್ಯೂಟದಿಂದ ಕೊಲೆಟೋಟ್ರೈಕಮ್ ಜಾತಿಯ ಶಿಲೀಂಧ್ರವನ್ನು ಬೇರ್ಪಡಿಸಿ ಬೆಳೆಸಿದರು. ಅದರ ಬೀಜಾಣುಗಳನ್ನು ನೀರಿನಲ್ಲಿ ಕದಡಿ ಸಿಂಪಡಿಸಿದಾಗ ಬಳ್ಳಿ ಕೊಳೆತು ಸತ್ತಿತು, ಸೋಯಾ ಉಳಿಯಿತು. ‘ಲುಬಾವೊ 1’ ಎಂಬ ಹೆಸರಿನಿಂದ ಇದು ವ್ಯಾಪಕವಾಗಿ ಬಳಕೆಗೆ ಬಂದಿತು. ಮುಂದೆ ಪ್ರಯೋಗಶಾಲೆಯಲ್ಲಿ ಪೀಳಿಗೆಯ ಮೇಲೆ ಪೀಳಿಗೆ ಬೆಳೆಸುತ್ತ ಹೋದಂತೆ ಅದರ ತೀಕ್ಷ್ಣತೆ ಕುಂದಿ, ಹೊಸ ತಳಿಯನ್ನು ಹುಡುಕಬೇಕಾಯಿತು. ರಾಸಾಯನಿಕಕ್ಕಿಲ್ಲದ ತೊಂದರೆಯಿದು: ಜೀವಿಯು ತನ್ನ ಕಸುಬನ್ನು ಮರೆಯಬಲ್ಲದು!

ಇನ್ನೊಂದು ತೊಡಕು ನೀರಿನದು. ಬೀಜಾಣು ಮೊಳೆತು ಕಾಂಡದೊಳಕ್ಕೆ ಇಳಿಯುವ ತನಕ, ಅಂದರೆ ಹಲವು ಗಂಟೆಗಳ ಕಾಲ, ಕಾಂಡದ ಮೇಲೆ ನೀರಿನ ತೆಳುಪೊರೆ ಇರಲೇಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಸಿಂಪಡಿಸಿದರೆ ಪೊರೆ ಕೆಲವು ನಿಮಿಷಗಳಲ್ಲಿ ಆರಿಹೋಗುತ್ತದೆ. ರಾತ್ರಿ ಗಿಡವು ಆಕಾಶದ ಕಡೆಗೆ ಶಾಖವನ್ನು ಸೂಸಿ ತಣಿಯುತ್ತದೆ; ಅದರ ಉಷ್ಣತೆ ಇಬ್ಬನಿಬಿಂದುವಿಗಿಂತ ಕೆಳಗಿಳಿದಾಗ ಗಾಳಿಯ ಆವಿ ಅದರ ಮೇಲೆ ಹನಿಗಟ್ಟುತ್ತದೆ. ಆದುದರಿಂದಲೇ ಸಂಜೆಯ ಸಿಂಪಡಣೆ ಮೇಲು. ಎಣ್ಣೆ ಬೆರೆಸಿ ಆವಿಯಾಗುವಿಕೆಯನ್ನು ತಡೆಯುವ ಉಪಾಯವೂ ಉಂಟು.

ಹಾಗಾದರೆ ಈ ಬೂಷ್ಟನ್ನು ನಾಳೆಯೇ ತಂದು ನಮ್ಮ ಹೊಲಗಳಿಗೆ ಎರಚಬಹುದೆ? ಇಲ್ಲಿ ಸ್ವಲ್ಪ ತಡೆಯಬೇಕು. ಲುಬಾವೊ ಶಿಲೀಂಧ್ರದ ಹತ್ತಿರದ ಬಂಧುವೇ ಧಾರವಾಡದ ಆಪೂಸು ಮಾವಿಗೆ ಚಿಬ್ಬು ರೋಗವನ್ನು ತರುವುದು. ಇದೇ ಕುಲದ ಶಿಲೀಂಧ್ರಗಳು ಮೆಣಸಿನಹಣ್ಣನ್ನೂ ಕೊಳೆಸುತ್ತವೆ. ಫ್ಯುಸೇರಿಯಮ್ ಆಕ್ಸಿಸ್ಪೋರಮ್ ಎಂಬ ಇನ್ನೊಂದು ಶಿಲೀಂಧ್ರದ ಕಥೆಯೂ ಹೀಗೆಯೇ. ಅದರ ಒಂದು ಪ್ರಭೇದ ಜೋಳದ ಬೇರನ್ನು ಹೀರುವ ಸ್ಟ್ರೈಗಾ ಕಳೆಯನ್ನು ಕೊಲ್ಲುತ್ತದೆ. ಪಶ್ಚಿಮ ಕೆನ್ಯಾದಲ್ಲಿ ಅದನ್ನು ಹಲ್ಲುಕಡ್ಡಿಗಳ ಮೇಲೆ ಬೆಳೆಸಿ ಹಂಚಿದರು. ರೈತರು ಅದನ್ನು ಬೇಯಿಸಿದ ಅನ್ನದಲ್ಲಿ ಹೆಚ್ಚಿಸಿಕೊಂಡು ಮೆಕ್ಕೆಜೋಳದ ಬೀಜದೊಡನೆ ಕುಣಿಗೆ ಹಾಕಿದರು. ಸುಮಾರು 500 ಹೊಲಗಳ ಈ ಪ್ರಯೋಗದಲ್ಲಿ ಇಳುವರಿ ಗಣನೀಯವಾಗಿ ಏರಿತೆಂದು 2016ರಲ್ಲಿ ವರದಿಯಾಯಿತು. ಅದೇ ಶಿಲೀಂಧ್ರದ ಮತ್ತೊಂದು ಪ್ರಭೇದವಾದರೋ ನಮ್ಮ ಕಡಲೆಯ ಸೊರಗು ರೋಗಕ್ಕೆ ಕಾರಣ! ಸೂಕ್ಷ್ಮದರ್ಶಕದಲ್ಲಿ ಇವೆರಡರ ಭೇದ ಕಾಣದು.

ಯಾವ ಗಿಡವನ್ನು ಹಿಡಿಯಬೇಕೆಂಬ ಈ ಆಯ್ಕೆ ಶಾಶ್ವತವೆ? 2010ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಎಚ್ಚರಿಕೆಯ ಗಂಟೆ ಬಾರಿಸಿತು. ಟೊಮೇಟೊಗೆ ರೋಗ ತರುವ ಫ್ಯುಸೇರಿಯಮ್ಮಿನಿಂದ ನಿರಪಾಯಕಾರಿ ತಳಿಗೆ ವರ್ಣತಂತುವೊಂದು ದಾಟಿ, ಆ ಸಾಧು ತಳಿಯೂ ಟೊಮೇಟೊ ಗಿಡಗಳನ್ನು ಬಾಧಿಸತೊಡಗಿತು. ಇದು ಪ್ರಯೋಗಶಾಲೆಯಲ್ಲಿ ನಡೆದುದು. ಹೊಲದಲ್ಲಿ ಎಷ್ಟು ಸಲ ನಡೆದೀತೆಂಬುದು ಬೇರೆ ಪ್ರಶ್ನೆ. ಇದರಿಂದ ಇಡೀ ವಿಧಾನವನ್ನೇ ತಳ್ಳಿಹಾಕಬೇಕೆಂದು ನಮಗೆ ತೋರುವುದಿಲ್ಲ. ಅಮೆರಿಕದಲ್ಲಿ ಕಸ್ಕ್ಯೂಟದ ಮೇಲೆ ಬಳಸಲು ಆಲ್ಟರ್ನೇರಿಯ ಎಂಬ ಶಿಲೀಂಧ್ರಕ್ಕೆ 2005ರಲ್ಲಿ ಸರಕಾರದ ಒಪ್ಪಿಗೆ ಸಿಕ್ಕಿದ್ದು ಪರೀಕ್ಷೆಗಳ ತರುವಾಯವೇ. ಹೊರದೇಶದ ತಳಿಗಿಂತ ಇಲ್ಲಿಯ ರೋಗಗ್ರಸ್ತ ಬಳ್ಳಿಯಿಂದಲೇ ಶಿಲೀಂಧ್ರವನ್ನು ಹುಡುಕುವುದು ಲೇಸೆಂದು ನಮ್ಮ ಅಭಿಪ್ರಾಯ. ಅದನ್ನೂ ಮೊದಲು ಕುಂಡಗಳಲ್ಲಿ ಬೆಳೆಸಿದ ಕಡಲೆ, ತೊಗರಿ, ಹೆಸರು, ಅಲಸಂದೆ, ಶೇಂಗಾಗಳ ಮೇಲೆ, ಮಾವಿನ ಸಸಿಗಳ ಮೇಲೆಯೂ, ಸಿಂಪಡಿಸಿ ನೋಡಬೇಕು.

ಅದು ಸಿದ್ಧವಾಗುವವರೆಗೆ ಬಳ್ಳಿಯ ಬೀಜವೇ ಹೊಲಕ್ಕೆ ಬಾರದಂತೆ ತಡೆಯುವ ಸೊಗಸಾದ ಯುಕ್ತಿಯೊಂದಿದೆ. ಲೂಸರ್ನ್ ಬೀಜದ ಮೈ ನುಣುಪು, ಕಸ್ಕ್ಯೂಟ ಬೀಜದ್ದು ಒರಟು. ಬೆರಕೆ ಬೀಜವನ್ನು ತುಸು ತೇವಗೊಳಿಸಿ, ನುಣ್ಣನೆಯ ಕಬ್ಬಿಣದ ಪುಡಿಯೊಡನೆ ಕಲಸಿದರೆ ಪುಡಿಯು ಒರಟು ಬೀಜಕ್ಕೆ ಮಾತ್ರ ಅಂಟುತ್ತದೆ. ಬಳಿಕ ಅಯಸ್ಕಾಂತದ ಉರುಳೆಯ ಮೇಲೆ ಹಾಯಿಸಿದಾಗ ಕಳೆಯ ಬೀಜಗಳು ಉರುಳೆಗೆ ಅಂಟಿಕೊಳ್ಳುತ್ತವೆ, ಬೆಳೆಯ ಬೀಜಗಳು ಜಾರಿ ಕೆಳಗೆ ಬೀಳುತ್ತವೆ. ಬೀಜ ಶುದ್ಧೀಕರಣದ ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವ ಈ ಕ್ರಮವನ್ನು ಕಾಲೇಜಿನ ಪ್ರಯೋಗಶಾಲೆಯ ದಂಡಾಯಸ್ಕಾಂತದಿಂದಲೂ ಮಾಡಿ ನೋಡಬಹುದು. ಮುಗಿದ ಮೇಲೆ ಆರಿಸಿದ ಕಳೆಬೀಜಗಳನ್ನು ಸುಟ್ಟುಬಿಡಬೇಕು, ಏಕೆಂದರೆ ಅವು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ.