ಸರ್ವರ್ ಡೌನ್ ಆಗದಂತೆ ಕ್ಲಸ್ಟರ್ ನಡೆಸುವುದು

2023ರ ಜುಲೈ 19ರಂದು ಗೃಹಲಕ್ಷ್ಮಿ ನೋಂದಣಿಗೆ ಚಾಲನೆ ಸಿಕ್ಕಾಗ, ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೇಂದ್ರಕ್ಕೆ ಬರಬೇಕೆಂದು ಮನೆಯೊಡತಿಯರ ಮೊಬೈಲಿಗೆ ಮೆಸೇಜ್ ಕಳಿಸುವ ಏರ್ಪಾಡಿತ್ತು. ಒಳ್ಳೆಯ ಯೋಚನೆ. ಜನ ಒಂದೇ ಗಳಿಗೆಗೆ ಮುಗಿಬಿದ್ದರೆ ಯಾವ ಯಂತ್ರವೂ ತಾಳದು. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಕೂಲಿ ಬಿಟ್ಟು ಗ್ರಾಮ ಒನ್ ಕೇಂದ್ರಕ್ಕೆ ಬಂದವರಿಗೆ ‘ಸರ್ವರ್ ಇಲ್ರೀ, ನಾಳೆ ಬರ್ರಿ’ ಎಂದರೆ ಆ ದಿನದ ದುಡಿಮೆಯೇ ಹೋದಂತೆ.

ಈ ಒತ್ತಡ ತಡೆಯಲು ಈಗ ಕ್ಲೌಡ್‌ನಲ್ಲಿ ಬಳಸುವುದು ಕ್ಲಸ್ಟರ್: ದೊಡ್ಡದೊಂದು ಯಂತ್ರದ ಬದಲು ಹಲವು ಸಣ್ಣ ಯಂತ್ರಗಳ ಗುಂಪು. ಒಂದೊಂದು ಯಂತ್ರವೂ ಒಂದು ನೋಡ್. ಇವನ್ನು ನಡೆಸಲು ಹೆಚ್ಚು ಬಳಕೆಯಲ್ಲಿರುವ ತಂತ್ರಾಂಶ ಕುಬರ್ನೆಟೀಸ್. ಗೂಗಲ್ 2014ರಲ್ಲಿ ಇದನ್ನು ಎಲ್ಲರಿಗೂ ಮುಕ್ತಗೊಳಿಸಿತು. ಇಲ್ಲಿ ನಿರ್ವಾಹಕರು ಯಂತ್ರಗಳಿಗೆ ಒಂದೊಂದಾಗಿ ಆಜ್ಞೆ ಕೊಡುವುದಿಲ್ಲ. ‘ಈ ಅರ್ಜಿ ತಂತ್ರಾಂಶದ ನಾಲ್ಕು ಪ್ರತಿ ಸದಾ ಓಡುತ್ತಿರಲಿ’ ಎಂದು ಬರೆದಿಡುತ್ತಾರೆ. ಆ ಪ್ರತಿ ಓಡುವ ಘಟಕವೇ ಪಾಡ್. ಒಂದು ಪಾಡ್ ಸತ್ತರೆ ಇನ್ನೊಂದು ತಾನಾಗಿ ಏಳುತ್ತದೆ. ನೋಡ್ ಪೂರಾ ಕೆಟ್ಟರೆ ಮಾತ್ರ ತುಸು ತಡ: ಅದು ಮರಳಿ ಬಂದೀತೆಂದು ಸಾಮಾನ್ಯವಾಗಿ 5 ನಿಮಿಷ ಕಾದು, ಆಮೇಲೆ ಅದರ ಪಾಡ್‌ಗಳನ್ನು ಬೇರೆಡೆ ಎಬ್ಬಿಸಲಾಗುತ್ತದೆ.

ದಟ್ಟಣೆ ಏರಿದಾಗ ಲೆಕ್ಕ ಸರಳ. ಸಿಪಿಯು ಬಳಕೆ 60 ಪ್ರತಿಶತ ಇರಲಿ ಎಂದು ಗುರಿ ಇಟ್ಟಿದ್ದೇವೆ, ನಾಲ್ಕು ಪಾಡ್‌ಗಳು 90ರಲ್ಲಿ ಏದುಸಿರು ಬಿಡುತ್ತಿವೆ ಎನ್ನಿ. 4ನ್ನು 90ರಿಂದ ಗುಣಿಸಿ 60ರಿಂದ ಭಾಗಿಸಿದರೆ 6. ಅಷ್ಟಕ್ಕೆ ಏರಿಸು ಎನ್ನುತ್ತದೆ ವ್ಯವಸ್ಥೆ. ಈ ಲೆಕ್ಕ ಸುಮಾರು 15 ಸೆಕೆಂಡಿಗೊಮ್ಮೆ ನಡೆಯುತ್ತದೆ. ಆದರೆ ಹೊಸ ಪಾಡ್‌ಗೆ ಜಾಗವೇ ಇಲ್ಲದಿದ್ದರೆ ಹೊಸ ನೋಡ್ ತರಬೇಕು, ಅದಕ್ಕೆ ನಿಮಿಷಗಳೇ ಬೇಕು. ಹಾಗಾಗಿ ಅರ್ಜಿಯ ಮೊದಲ ದಿನ, ಬೆಳೆವಿಮೆಯ ಕೊನೆಯ ದಿನ ಮುಂಚೆಯೇ ಗೊತ್ತಿದ್ದರೆ ಹಿಂದಿನ ರಾತ್ರಿಯೇ ನೋಡ್ ಏರಿಸಿಡಬೇಕು. ದಟ್ಟಣೆ ಇಳಿದ ಮೇಲೆ ಇಳಿಸಲೂಬೇಕು. ಖಾಲಿ ನಿಂತ ಯಂತ್ರಕ್ಕೂ ಬಾಡಿಗೆ ಓಡುತ್ತಿರುತ್ತದೆ.

ಪ್ರತಿ ಪಾಡ್‌ಗೂ ಎಷ್ಟು ಮೆಮೊರಿ, ಎಷ್ಟು ಸಿಪಿಯು ಎಂದು ಮಿತಿ ಬರೆಯದಿರುವುದು ದೊಡ್ಡ ಅನಾಹುತ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲ್ಭಾಗದವರು ಬೇಕಾಬಿಟ್ಟಿ ನೀರೆಳೆದರೆ ಕೊನೆಯ ಭಾಗದ ಗದ್ದೆ ಒಣಗುವುದು ಗಂಗಾವತಿ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ಮಿತಿಯಿಲ್ಲದ ಒಂದು ಪಾಡ್ ನೋಡ್‌ನ ಮೆಮೊರಿಯನ್ನೆಲ್ಲ ನುಂಗಿದರೆ ಪಕ್ಕದವೂ ಸಾಯುತ್ತವೆ.

ಬಹಳ ಸಲ ‘ಸರ್ವರ್ ಡೌನ್’ ಎಂಬುದರ ನಿಜವಾದ ಜಾಗ ಹಿಂದಿರುವ ಡೇಟಾಬೇಸ್. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನ ಮೂಲ ಸೆಟ್ಟಿಂಗ್‌ನಲ್ಲಿ ಏಕಕಾಲಕ್ಕೆ 100 ಸಂಪರ್ಕ. ಅದರಲ್ಲಿ 3 ಮೇಲ್ವಿಚಾರಕರಿಗೆ ಮೀಸಲು. ಪಾಡ್‌ಗೆ ಹತ್ತರಂತೆ ಸಂಪರ್ಕ ಹಿಡಿದರೆ ಹತ್ತನೆಯ ಪಾಡ್‌ಗೇ ಕೊರತೆ. ಆಗ ಇನ್ನೂ ಪಾಡ್ ಏರಿಸುವುದು ಬೆಂಕಿಗೆ ತುಪ್ಪ ಸುರಿದಂತೆ. ಸಂಪರ್ಕಗಳನ್ನು ಹಂಚಿಕೊಳ್ಳುವ ಪೂಲರ್ ಒಂದನ್ನು ನಡುವೆ ಇಡಬೇಕು, ಅರ್ಜಿಗಳನ್ನು ಸರದಿಯಲ್ಲಿ ಪಡೆದು ನಿಧಾನಕ್ಕೆ ಬರೆಯಬೇಕು. ನನ್ನ ಮಟ್ಟಿಗೆ ಆ ಮೆಸೇಜ್ ಏರ್ಪಾಡು ಮೆಚ್ಚುಗೆಯಾದದ್ದು ಇದಕ್ಕೇ: ಸರದಿ ಕಂಪ್ಯೂಟರಿನ ಹೊರಗೇ ಶುರುವಾಗಿತ್ತು.

ಇನ್ನು ದುರಸ್ತಿ. ನೋಡ್ ನವೀಕರಿಸುವಾಗ ಮೊದಲು ‘ಕಾರ್ಡನ್’ ಮಾಡಿ, ಅಂದರೆ ಹೊಸ ಕೆಲಸ ಅತ್ತ ಹೋಗದಂತೆ ತಡೆದು, ಬಳಿಕ ‘ಡ್ರೇನ್’ ಮಾಡಿ ಇದ್ದ ಪಾಡ್‌ಗಳನ್ನು ತೆರವು ಮಾಡಬೇಕು. ಒಂದಾದ ಮೇಲೊಂದು ನೋಡ್, ಅದೂ ಜನ ಕಡಿಮೆಯಿರುವ ಹೊತ್ತಿನಲ್ಲಿ.

ಕೊಪ್ಪಳದ ವಿದ್ಯಾರ್ಥಿಗಳು ಇದನ್ನು ಕಲಿಯಲು ಕ್ಲೌಡ್‌ಗೆ ದುಡ್ಡು ಕಟ್ಟಬೇಕಿಲ್ಲ. ಮಿನಿಕ್ಯೂಬ್ ಎಂಬ ಉಚಿತ ತಂತ್ರಾಂಶವನ್ನು 4 ಜಿಬಿ ಮೆಮೊರಿ ಇರುವ ಲ್ಯಾಪ್‌ಟಾಪ್‌ನಲ್ಲೇ ಎಳೆದಾಡಿ ಓಡಿಸಬಹುದು, 8 ಇದ್ದರೆ ನಿರಾಳ. ಮೂರು ಪಾಡ್ ಎಬ್ಬಿಸಿ, ಒಂದನ್ನು ಬೇಕೆಂದೇ ಅಳಿಸಿ, ನಾಲ್ಕನೆಯದು ಎಷ್ಟು ಸೆಕೆಂಡಿಗೆ ಎದ್ದಿತೆಂದು ನೋಡುವುದರಿಂದ ಶುರು ಮಾಡಿ.