ಕ್ಯಾತ್ಸಂದ್ರದ ನೇರಕ್ಕೆ ಕಡಲ ಆಕಾಶ

ಕ್ಯಾತ್ಸಂದ್ರದಿಂದ ನೇರ ಪಶ್ಚಿಮಕ್ಕೆ ಗೆರೆ ಎಳೆದರೆ ಅದು ಘಟ್ಟ ಇಳಿದು ಮಲ್ಪೆಯ ಆಸುಪಾಸಿನಲ್ಲಿ ಅರಬ್ಬಿ ಸಮುದ್ರಕ್ಕೆ ಸೇರುತ್ತದೆ. ಎರಡೂ ಊರು ಇರುವುದು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಕ್ಯಾತ್ಸಂದ್ರದ ಸಿದ್ಧಗಂಗೆಯ ಬೆಟ್ಟದ ಮೇಲೆ ಹಾದುಹೋಗುವ ನಕ್ಷತ್ರಗಳೇ ಸುಮಾರು ಹತ್ತು ನಿಮಿಷ ತಡವಾಗಿ ಮಲ್ಪೆಯ ಆಚೆ ಸಾಗುವ ಹಡಗಿನ ಮೇಲೂ ಹಾದುಹೋಗುತ್ತವೆ. ಆಕಾಶ ಒಂದೇ ಆದರೂ ನೋಟ ಒಂದೇ ಅಲ್ಲ. ಕ್ಯಾತ್ಸಂದ್ರದ ಪಕ್ಕದಲ್ಲೇ ಬೆಂಗಳೂರು–ಪುಣೆ ಹೆದ್ದಾರಿಯಿದೆ, ತಟ್ಟೆ ಇಡ್ಲಿಗೆಂದು ವಾಹನ ನಿಲ್ಲಿಸುವವರ ಸಾಲಿದೆ, ತುಮಕೂರು ನಗರ ಅದಕ್ಕೇ ಅಂಟಿಕೊಂಡಿದೆ. ಹತ್ತಿರದ ದೇವರಾಯನದುರ್ಗ ಬೆಟ್ಟದ ನೆತ್ತಿಗೆ ಹೋದರೂ ಆಗ್ನೇಯದಲ್ಲಿ ಬೆಂಗಳೂರಿನ ಬೆಳಕು ಆಕಾಶಕ್ಕೆ ಬಣ್ಣ ಹಚ್ಚಿರುತ್ತದೆ. ಕಡಲಿನಲ್ಲಿ ದಡದಿಂದ ಐವತ್ತು–ಅರವತ್ತು ಕಿಲೋಮೀಟರ್ ಆಚೆಗೆ ಹೋದರೆ ಇವ್ಯಾವುವೂ ಕಾಡುವುದಿಲ್ಲ.

ಕಾಡುವುದು ಹಡಗಿನದೇ ದೀಪ. ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಹೋಗುವ ಪ್ರವಾಸಿ ಹಡಗುಗಳಲ್ಲಿ ಈಜುಕೊಳದ ಸುತ್ತ, ಊಟದ ಸಾಲೆಯ ಹೊರಗೆ, ನೃತ್ಯದ ವೇದಿಕೆಯ ಮೇಲೆ ರಾತ್ರಿಯಿಡೀ ದೀಪ ಉರಿಯುತ್ತದೆ. ಅಂಥ ಕಡೆ ನಿಂತವರಿಗೆ ಕಾಣುವುದು ತುಮಕೂರಿನ ಬಸ್ ನಿಲ್ದಾಣದಲ್ಲಿ ಕಾಣುವಷ್ಟೇ ನಕ್ಷತ್ರ. ಕತ್ತಲು ಸಿಗುವುದು ಸಾಮಾನ್ಯವಾಗಿ ಹಡಗಿನ ಮುಂಭಾಗದಲ್ಲಿ. ಹಡಗು ನಡೆಸುವವರು ಮುಂದಿನ ಸಮುದ್ರವನ್ನು ಬರಿಗಣ್ಣಿನಿಂದಲೂ ಗಮನಿಸುತ್ತಿರಬೇಕಾದ್ದರಿಂದ ಅವರ ಕೋಣೆಯನ್ನೂ ಅದರ ಮುಂದಿನ ಡೆಕ್‌ಗಳನ್ನೂ ರಾತ್ರಿ ಕತ್ತಲಲ್ಲಿಡುತ್ತಾರೆ. ಪ್ರಯಾಣಿಕರಿಗೆ ತೆರೆದಿರುವ ಮುಂಭಾಗದ ಡೆಕ್ ಯಾವುದೆಂದು ಮೊದಲ ಸಂಜೆಯೇ ವಿಚಾರಿಸಿಕೊಳ್ಳುವುದು ಜಾಣತನ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ಪರದೆ ನೋಡಿದರೆ ಲೆಕ್ಕ ಮತ್ತೆ ಮೊದಲಿಂದ ಶುರು.

ಕಡಲಿನ ದೊಡ್ಡ ಕೊಡುಗೆ ದಿಗಂತ. ನೀರಿನ ಮಟ್ಟದಿಂದ 30 ಮೀಟರ್ ಎತ್ತರದ ಡೆಕ್ ಮೇಲಿಂದ ಸುತ್ತಲೂ ಸುಮಾರು 20 ಕಿಲೋಮೀಟರ್ ದೂರದ ತನಕ ಗುಡ್ಡ, ಮರ, ಕಟ್ಟಡ ಯಾವುದೂ ಅಡ್ಡ ಬರುವುದಿಲ್ಲ. ಇದರ ಲಾಭ ಹೆಚ್ಚಾಗಿ ದಕ್ಷಿಣದ ಆಕಾಶಕ್ಕೆ. ಈ ಅಕ್ಷಾಂಶದಲ್ಲಿ ಅಗಸ್ತ್ಯ ನಕ್ಷತ್ರ ದಿಗಂತದಿಂದ 24 ಡಿಗ್ರಿ ಮೇಲೇರುತ್ತದೆ. ಅದನ್ನು ನಮ್ಮ ಊರುಗಳಿಂದಲೂ ಸುಲಭವಾಗಿ ನೋಡಬಹುದು. ತ್ರಿಶಂಕುವಿನ ಕತೆ ಬೇರೆ. ಶಿಲುಬೆಯಾಕಾರದ ಆ ಪುಂಜದ ಬುಡದ ನಕ್ಷತ್ರ ಅತಿ ಎತ್ತರಕ್ಕೆ ಬಂದಾಗಲೂ ಹದಿಮೂರೂವರೆ ಡಿಗ್ರಿಯಷ್ಟೇ ಮೇಲಿರುತ್ತದೆ, ಅಂದರೆ ಕೈ ಚಾಚಿ ಹಿಡಿದ ಮುಷ್ಟಿಗಿಂತ ತುಸು ಹೆಚ್ಚು. ಊರಿನಲ್ಲಿ ತೆಂಗಿನ ತೋಟವೊಂದು ಸಾಕು ಅದನ್ನು ಮರೆಮಾಡಲು. ಡೆಕ್ ಮೇಲಿಂದ ಮೇ ನಡುಭಾಗದ ರಾತ್ರಿ ಒಂಬತ್ತೂವರೆಗೆ ಅದು ನೇರ ದಕ್ಷಿಣದಲ್ಲಿ ನಿಂತಿರುತ್ತದೆ. ಎಡಕ್ಕೆ, ಅಂದರೆ ಪೂರ್ವದ ಕಡೆಗೆ, ಆಲ್ಫಾ ಸೆಂಟಾರಿ. ಅದೇ ಹೊತ್ತಿಗೆ ಹಿಂದಿರುಗಿ ನೋಡಿದರೆ ಸಪ್ತರ್ಷಿ ಮಂಡಲ ಉತ್ತರದಲ್ಲಿ ಎತ್ತರಕ್ಕೇರಿರುತ್ತದೆ. ಲಂಡನ್ನಿನವರಿಗೆ ತ್ರಿಶಂಕು ಎಂದೂ ಇಲ್ಲ, ಸಿಡ್ನಿಯವರಿಗೆ ಧ್ರುವ ಎಂದೂ ಇಲ್ಲ. ಕನ್ನಡ ನಾಡಿನ ಅಕ್ಷಾಂಶಕ್ಕೆ ಎರಡೂ ದಕ್ಕಿವೆ.

ಇನ್ನೂ ಕಷ್ಟದ್ದು ದೊಡ್ಡ ಮೆಜೆಲ್ಲಾನಿಕ್ ಮೋಡ. ಇದು ನಮ್ಮ ಆಕಾಶಗಂಗೆಯ ಜೊತೆಗಿರುವ ಪುಟ್ಟ ಗ್ಯಾಲಕ್ಸಿ, ಬರಿಗಣ್ಣಿಗೆ ಮಸುಕು ಮೋಡದ ಚೂರಿನಂತೆ ಕಾಣುತ್ತದೆ. 13.3 ಡಿಗ್ರಿಯಲ್ಲಿ ಅದು ದಿಗಂತದಿಂದ ಬರೀ ಏಳು ಡಿಗ್ರಿ ಮೇಲಕ್ಕೆ ಬರುತ್ತದೆ. ಜನವರಿಯ ಕೊನೆಯಲ್ಲಿ ರಾತ್ರಿ ಒಂಬತ್ತೂವರೆಯ ಸುಮಾರಿಗೆ, ಗಾಳಿ ತೀರಾ ಶುಭ್ರವಾಗಿದ್ದರೆ ಪ್ರಯತ್ನಿಸಬಹುದು. ದಿಗಂತಕ್ಕೆ ತಾಗಿದ ನಕ್ಷತ್ರದ ಬೆಳಕು ನೆತ್ತಿಯ ಮೇಲಿನ ನಕ್ಷತ್ರದ ಬೆಳಕಿಗಿಂತ ಸುಮಾರು 38 ಪಟ್ಟು ಗಾಳಿಯನ್ನು ದಾಟಿ ಬರಬೇಕು. ಕಡಲ ಮೇಲಿನ ತೇವ, ಉಪ್ಪಿನ ಕಣ ಅದನ್ನು ಇನ್ನಷ್ಟು ಮಂಕು ಮಾಡುತ್ತವೆ. ಹಡಗಿನಿಂದ ಎಲ್ಲವೂ ಹೊಳೆಹೊಳೆದು ಕಾಣುತ್ತದೆಂಬ ಪ್ರವಾಸಿ ಜಾಹೀರಾತನ್ನು ದಿಗಂತದ ಮಟ್ಟಿಗೆ ನಂಬಬೇಕಿಲ್ಲ.

ಒಂದೇ ಊರಿನಲ್ಲಿ ನಿಂತು ನೋಡುವವರಿಗೆ ಸಿಗದ ಅನುಭವವೊಂದು ಹಡಗಿನ ಪ್ರಯಾಣದಲ್ಲಿದೆ: ಹಡಗು ದಕ್ಷಿಣಕ್ಕೆ ಸಾಗಿದಂತೆ ಆಕಾಶವೇ ವಾಲುತ್ತದೆ. ಧ್ರುವ ನಕ್ಷತ್ರದ ಎತ್ತರ ಹೆಚ್ಚುಕಡಿಮೆ ನೋಡುವವರ ಅಕ್ಷಾಂಶಕ್ಕೆ ಸಮ. ಮುಂಬೈ ಬಿಡುವಾಗ 19 ಡಿಗ್ರಿಯಲ್ಲಿದ್ದ ಧ್ರುವ, ಮಲ್ಪೆಯ ನೇರಕ್ಕೆ ಬಂದಾಗ 13ಕ್ಕೆ, ಲಕ್ಷದ್ವೀಪದ ಅಗತ್ತಿಯ ಬಳಿ 11ಕ್ಕೆ ಇಳಿದಿರುತ್ತದೆ. ಅದು ಇಳಿದಷ್ಟೇ ತ್ರಿಶಂಕು ಏರುತ್ತದೆ: ಬುಡದ ನಕ್ಷತ್ರ ಮುಂಬೈಯಲ್ಲಿ 8 ಡಿಗ್ರಿ, ಅಗತ್ತಿಯಲ್ಲಿ 16. ಒಂದು ಡಿಗ್ರಿ ಎಂದರೆ ಸುಮಾರು 111 ಕಿಲೋಮೀಟರ್, ನಾವಿಕರ ಲೆಕ್ಕದಲ್ಲಿ 60 ನಾಟಿಕಲ್ ಮೈಲಿ.

ಅರಬ್ಬಿ ಸಮುದ್ರದ ಹಳೆಯ ನಾವಿಕರು ದಾರಿ ಹಿಡಿದದ್ದು ಈ ಏರಿಳಿತವನ್ನೇ ಅಳೆದು. ಅವರ ಸಾಧನದ ಹೆಸರು ಕಮಾಲ್: ಒಂದು ಸಣ್ಣ ಮರದ ಹಲಗೆ, ಅದರ ನಡುವಿನಿಂದ ಹೊರಟ ಗಂಟು ಹಾಕಿದ ದಾರ. ದಾರವನ್ನು ಹಲ್ಲಿನಲ್ಲಿ ಕಚ್ಚಿ ಬಿಗಿಯಾಗಿ ಎಳೆದು, ಹಲಗೆಯ ಕೆಳ ಅಂಚು ದಿಗಂತಕ್ಕೂ ಮೇಲಂಚು ಧ್ರುವಕ್ಕೂ ತಾಗುವಂತೆ ಹಿಡಿಯುತ್ತಿದ್ದರು. ಯಾವ ಗಂಟಿಗೆ ಅದು ಹೊಂದುತ್ತದೆಂಬುದರಿಂದ ಯಾವ ಬಂದರಿನ ನೇರಕ್ಕೆ ಬಂದಿದ್ದೇವೆಂದು ತಿಳಿಯುತ್ತಿತ್ತು. ಆಮೇಲೆ ಅದೇ ಎತ್ತರ ಕಾಯ್ದುಕೊಂಡು ಪೂರ್ವಕ್ಕೆ ಸಾಗಿದರೆ ದಡ ಸಿಕ್ಕಿತು. 15ನೇ ಶತಮಾನದಲ್ಲಿ ಧ್ರುವ ನಕ್ಷತ್ರ ನಿಜವಾದ ಉತ್ತರ ಧ್ರುವಬಿಂದುವಿನಿಂದ ಮೂರು ಡಿಗ್ರಿಗೂ ಹೆಚ್ಚು ದೂರವಿದ್ದುದರಿಂದ ಅವರು ಅದರ ಸುತ್ತಾಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು. ಇಂದು ಆ ಅಂತರ ಒಂದು ಡಿಗ್ರಿಗಿಂತ ಕಡಿಮೆ.

ಉಪಕರಣದ ವಿಚಾರ ಚಿಕ್ಕದು. ಓಲಾಡುವ, ಎಂಜಿನ್ನಿಗೆ ನಡುಗುವ ಡೆಕ್ ಮೇಲೆ ಟೆಲಿಸ್ಕೋಪ್ ನಿಷ್ಪ್ರಯೋಜಕ. ಏಳು ಪಟ್ಟು ಹಿಗ್ಗಿಸುವ, 50 ಮಿಲಿಮೀಟರ್ ಮಸೂರದ ಬೈನಾಕ್ಯುಲರ್ ನಾವಿಕರ ಹಳೆಯ ಆಯ್ಕೆ. ಹಿಗ್ಗಿಸುವಿಕೆ ಕಡಿಮೆಯಾದ್ದರಿಂದ ಅಲುಗಾಟ ಅಷ್ಟು ಕಾಣುವುದಿಲ್ಲ. ಅದರಿಂದ ಹೊರಬರುವ ಏಳು ಮಿಲಿಮೀಟರ್ ಅಗಲದ ಬೆಳಕು ಕತ್ತಲಲ್ಲಿ ಅರಳಿದ ಕಣ್ಣಿನ ಪಾಪೆಗೆ ಸರಿಯಾಗಿ ಹೊಂದುತ್ತದೆ. ಕ್ಯಾಮೆರಾದಲ್ಲಿ ದೀರ್ಘ ಹೊತ್ತು ಬೆಳಕು ಹಿಡಿದರೆ ನಕ್ಷತ್ರಗಳು ಗೀಚಿದಂತೆ ಬರುತ್ತವೆ. ಕೆಲವೇ ಸೆಕೆಂಡಿನ ಚಿತ್ರಗಳಿಗೆ ತೃಪ್ತಿಪಡಬೇಕು.

ಮಳೆಗಾಲದಲ್ಲಿ ಈ ದಡಕ್ಕೆ ಪ್ರವಾಸಿ ಹಡಗುಗಳು ಬರುವುದಿಲ್ಲ. ಅಕ್ಟೋಬರ್–ನವೆಂಬರಿನಿಂದ ಮೇ ತನಕ ಅವುಗಳ ಕಾಲ. ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ವಿದೇಶಿ ಹಡಗುಗಳು ಸಾಮಾನ್ಯವಾಗಿ ಬೆಳಿಗ್ಗೆ ತಲುಪಿ, ಪ್ರಯಾಣಿಕರನ್ನು ಮೂಡುಬಿದಿರೆ, ಕಾರ್ಕಳ ಸುತ್ತಿಸಿ ಸಂಜೆ ಹೊರಡುತ್ತವೆ. ಹೀಗಾಗಿ ರಾತ್ರಿ ಅವು ತೆರೆದ ಕಡಲಿನಲ್ಲೇ ಇರುತ್ತವೆ. ಡಿಸೆಂಬರ್–ಜನವರಿಯ ಒಣ ಆಕಾಶದಲ್ಲಿ ಮೃಗಶಿರ, ಲುಬ್ಧಕ, ಕೃತ್ತಿಕೆಗಳಿಗೆ ಸರಿಯಾದ ಹೊತ್ತು. ಮಾರ್ಚ್–ಏಪ್ರಿಲ್‌ನಲ್ಲಿ ಬೆಳಗಿನ ಜಾವ ಎದ್ದವರಿಗೆ ವೃಶ್ಚಿಕದ ಬಾಲದ ಬಳಿ ಆಕಾಶಗಂಗೆಯ ನಡುಭಾಗ. ಅಮಾವಾಸ್ಯೆಯ ಹಿಂದುಮುಂದಿನ ವಾರ ಆರಿಸಿಕೊಳ್ಳಬೇಕು. ಆಗಲೂ ದಿಗಂತದಲ್ಲಿ ಮೀನುದೋಣಿಗಳ ದೀಪಗಳಿರಬಹುದು. ಕೆಲವು ಚಳಿಗಾಲಗಳಲ್ಲಿ ಹಡಗು ಸೀಳಿದ ನೀರೂ ನೀಲಿಯಾಗಿ ಮಿನುಗುತ್ತದೆ. 2020ರ ಕೊನೆಯಲ್ಲಿ ಕರಾವಳಿಯವರು ದಡದಿಂದಲೇ ಕಂಡ ಆ ಬೆಳಕು ನಾಕ್ಟಿಲ್ಯೂಕಾ ಎಂಬ ಸೂಕ್ಷ್ಮಜೀವಿಯದು. ನೀರು ಕಲಕಿದಾಗ ಅದು ಹೊಳೆಯುತ್ತದೆ.